ಅರವತ್ತಕ್ಕೆ ಹತ್ತು ಸೆಕೆಂಡು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಾನು ಹದಿನೆಂಟು ವರ್ಷ ಉಳ್ಳಾಗಡ್ಡಿ ಆರಿಸಿದ್ದೇನೆ. ಕೊಳೆತದ್ದು ಒಂದು ಬುಟ್ಟಿಗೆ, ಮೊಳಕೆ ಬಂದದ್ದು ಇನ್ನೊಂದಕ್ಕೆ, ಗಟ್ಟಿ ಇದ್ದದ್ದು ಚೀಲಕ್ಕೆ. ಗಂಡ ಅಲ್ಲೇ ಟೆಂಪೋ ಹೊಡೆಯುತ್ತಿದ್ದ. ವಿಜಾಪುರದ ಕಡೆಯವರು ನಾವು. ಲಗ್ನವಾದ ವರ್ಷ ಬಂದವರು ತಿರುಗಿ ಹೋಗಲಿಲ್ಲ. ನಾನು ಕಲಿತದ್ದು ಮೂರನೇ ಇಯತ್ತೆ. ನನ್ನ ವಿಷಯ ಇಷ್ಟು ಸಾಕು. ಬರೆಯಬೇಕೆಂದು ಕೂತದ್ದು ಮಗಳ ಗಾಡಿಯ ವಿಷಯ.

ನಮಗೆ ಒಬ್ಬಳೇ ಮಗಳು. ತೊಂಬತ್ತರ ದಶಕದಲ್ಲಿ ಅವಳು ಸಣ್ಣವಳು. ಮನೆಯಲ್ಲಿ ನೋಡುವವರು ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಯಾರ್ಡಿಗೆ ಬಂದು ಅಪ್ಪನ ಟೆಂಪೋದಲ್ಲಿ ಕೂರುತ್ತಿದ್ದಳು. ಪುಸ್ತಕ ತೊಡೆಯ ಮೇಲೆ, ಕಣ್ಣು ಹೊರಗೆ. ಹತ್ತು ವರ್ಷಕ್ಕೇ ಗೇಟಿನ ಆಚೆ ಬರುವ ಟೆಂಪೋ ಯಾರದು ಎಂದು ಸದ್ದಿನ ಮೇಲೆ ಹೇಳುತ್ತಿದ್ದಳು. ಹಮಾಲರು ಶಹಭಾಸ್ ಅನ್ನುತ್ತಿದ್ದರು. ನನಗೆ ಅದರಲ್ಲಿ ಏನೂ ಚಂದ ಕಾಣಲಿಲ್ಲ. ಹತ್ತರ ಮಗ್ಗಿ ಬರುವುದಿಲ್ಲ, ಟೆಂಪೋದ ಸದ್ದು ಬರುತ್ತದೆ, ಈ ಹುಡುಗಿಯನ್ನು ಏನು ಮಾಡುವುದು ಎಂದು ಬೈದದ್ದೇ ಹೆಚ್ಚು.

ಮ್ಯಾಟ್ರಿಕ್ ಆದ ಮೇಲೆ ಅವಳು ಐಟಿಐಗೆ ಹೋಗಿ ಗಾಡಿ ರಿಪೇರಿ ಕಲಿಯುತ್ತೇನೆಂದಳು. ಗಂಡ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ.

"ಹೆಣ್ಣಮಗಳು ಪಾನಾ ಹಿಡದ್ರ ಯಾರ್ ಲಗ್ನ ಆಗ್ತಾರ?" ಅಂದ. ಪಾನಾ ಅಂದರೆ ಬೋಲ್ಟು ಬಿಗಿಯುವ ಸ್ಪ್ಯಾನರು.

"ಪಾನಾ ಹಿಡಿಯೋ ಕೈ ಬ್ಯಾಡ ಅನ್ನಾಂವ ನಮಗೂ ಬ್ಯಾಡ" ಅಂದೆ ನಾನು. "ನೀ ಉಣ್ಣು."

ಅವನು ಉಂಡ. ಅವಳು ಐಟಿಐಗೆ ಹೋದಳು. ಆ ವರ್ಷ ಆ ತರಗತಿಯಲ್ಲಿ ಹುಡುಗಿ ಅಂತ ಇದ್ದದ್ದು ಅವಳೊಬ್ಬಳೇ. ಅವಳ ಕಲಿಕೆ ಮುಗಿದ ವರ್ಷ ಗಂಡ ತೀರಿಕೊಂಡ. ಟೆಂಪೋ ಮಾರಿದೆವು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಪುಣೆಯ ಕೊಂಢವಾ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಮಾಲೀಕರು ಉಡುಪಿ ಕಡೆಯವರು. ಅವರಿಗೆ ಎರಡು ಹೋಟೆಲು ಇದ್ದವು, ಒಂದು ಯೆರವಡಾದ ಆಫೀಸುಗಳ ಹತ್ತಿರ, ಇನ್ನೊಂದು ಸ್ಟೇಷನ್ನಿನ ಕಡೆ. ಹೋಟೆಲು ಹೊಟ್ಟೆಗೆ, ಗ್ಯಾರೇಜು ಖಯಾಲಿಗೆ. ಗಾಡಿ ಕಂಡರೆ ಅವರಿಗೆ ಹುಚ್ಚು. ಮೊದಲ ವರ್ಷ ಮಗಳನ್ನು ಮೇಜಿನ ಹಿಂದೆ ಕೂರಿಸಿ, ಬಂದ ಗಾಡಿಗಳ ನಂಬರು ಬರೆಯುವ ಕೆಲಸ ಕೊಟ್ಟರು. ಅವಳು ಮಾಲೀಕರ ಬೆನ್ನು ಬಿಡಲಿಲ್ಲ. ವರ್ಷ ಕಳೆದ ಮೇಲೆ ಕೆಳಗಿಳಿದು ಇಂಜಿನ್ನಿಗೆ ಕೈ ಹಾಕಿದಳು. ಅಲ್ಲಿ ಒಬ್ಬ ಹಳೇ ಮಿಸ್ತ್ರಿ, ಅಂದರೆ ಮುಖ್ಯ ಮೆಕ್ಯಾನಿಕ್ ಇದ್ದ, ಸೊಲ್ಲಾಪುರದವನು, ಮನೆಮಾತು ಕನ್ನಡವೇ. ಕೆಲಸ ಬಲ್ಲವನು. ಬಾಯಿ ಮಾತ್ರ ಕೆಟ್ಟದ್ದು. ಅವಳು ಬೋಲ್ಟು ಬಿಗಿದರೆ ಇವನು ಹೋಗಿ ಇನ್ನೊಮ್ಮೆ ಬಿಗಿಯುತ್ತಿದ್ದ, ಗಿರಾಕಿಯ ಎದುರೇ.

ನನ್ನ ಮೊಣಕಾಲು ಹೋಯಿತು. ಯಾರ್ಡಿನಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂರಲು ಆಗಲಿಲ್ಲ. ಮಗಳು ಮಾಲೀಕರಿಗೆ ಹೇಳಿ ಅದೇ ಗ್ಯಾರೇಜಿನಲ್ಲಿ ನನಗೆ ಕಸ ಗುಡಿಸುವ ಕೆಲಸ ಹಚ್ಚಿಸಿದಳು. ಹಾಗಾಗಿ ಮುಂದಿನದ್ದನ್ನೆಲ್ಲ ನಾನು ಯಾರ ಬಾಯಿಂದಲೂ ಕೇಳಿದ್ದಲ್ಲ, ನಿಂತು ನೋಡಿದ್ದು.

ಎರಡು ಸಾವಿರದ ಎಂಟರ ಹೊತ್ತಿಗೆ ಪೇಪರಿನಲ್ಲಿ ಹೈಬ್ರಿಡ್ ಗಾಡಿ ಅನ್ನುವ ಮಾತು ಬರತೊಡಗಿತು. ನಮ್ಮ ಊರ ಕಡೆ ಹೈಬ್ರಿಡ್ ಅಂದರೆ ಜೋಳ. ಇದು ಬೇರೆ. ಅರ್ಧ ಪೆಟ್ರೋಲಿನಲ್ಲಿ ಓಡುತ್ತದೆ, ಅರ್ಧ ಬ್ಯಾಟರಿಯಲ್ಲಿ. ಮಾಲೀಕರಿಗೆ ನಿದ್ದೆ ಹೋಯಿತು. ಪರದೇಶದ ಗಾಡಿ ತರುವಷ್ಟು ಶಕ್ತಿ ಅವರಿಗಿರಲಿಲ್ಲ. ನಾವೇ ಮಾಡೋಣ ಅಂದರು. ಒಂದು ಹಳೇ ಸಣ್ಣ ಕಾರು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಮುಂದಿನ ಗಾಲಿ ತಿರುಗಿಸಲು ಅದರದೇ ಪೆಟ್ರೋಲ್ ಇಂಜಿನ್ ಇತ್ತು. ಹಿಂದಿನ ಗಾಲಿಗೆ ಮಗಳು ಕರೆಂಟಿನ ಮೋಟಾರು ಕೂರಿಸಿದಳು. ಎಂಟು ತಿಂಗಳು ಹಿಡಿಯಿತು. ಊಟಕ್ಕೆ ಕರೆದರೆ ಗಾಡಿಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

ಗಾಡಿ ಚಂದ ಇತ್ತು, ಸುಳ್ಳು ಹೇಳಬಾರದು. ಕೆಂಪು ಬಣ್ಣ, ನೆಲಕ್ಕೆ ತಗ್ಗಿದ ಮೈ, ಅಗಲ ಟೈರು. ತಾಯಿ ಹೊಟ್ಟೆಯಿಂದಲೇ ಓಡುತ್ತ ಬಂದ ಹಾಗೆ ಕಾಣುತ್ತಿತ್ತು. ಆದರೆ ಕಾಣುವುದು ಬೇರೆ. ಪುಣೆಯ ಹುಡುಗರು ಗಾಡಿ ನೋಡಲು ಬಂದರೆ ಎರಡನೇ ಮಾತಿಗೆ ಪಿಕಪ್ ಹೇಗಿದೆ ಎಂದು ಕೇಳುತ್ತಾರೆ. ನಿಂತಲ್ಲಿಂದ ಎಷ್ಟು ಬೇಗ ಜಿಗಿಯುತ್ತದೆ ಅನ್ನುವುದು. ಈ ಗಾಡಿಗೆ ಪಿಕಪ್ ಇರಲಿಲ್ಲ.

ಅದನ್ನು ಅಳೆಯುವ ರೀತಿ ಹೀಗಿತ್ತು. ಕೊಂಢವಾದ ಹಿಂದೆ ಆಗ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಒಂದು ನೆಟ್ಟಗಿನ ಡಾಂಬರು ರಸ್ತೆ, ಮುಂದೆ ಹೋಗಲು ಊರೇ ಇಲ್ಲದ ರಸ್ತೆ. ಬೆಳಿಗ್ಗೆ ಏಳಕ್ಕೆ ಅಲ್ಲಿ ನಾವು ನಾಲ್ಕು ಜನ. ಮಗಳು ಗಾಡಿಯಲ್ಲಿ. ಮಾಲೀಕರು ರಸ್ತೆಯ ಬದಿಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದರು. ಹೋಟೆಲಿನ ಬಿಳಿ ನ್ಯಾಪ್ಕಿನ್ ಮೇಲೆತ್ತಿ ಕೆಳಗೆ ಬೀಸಿದ ಕೂಡಲೇ ಗಾಡಿ ಹೊರಡಬೇಕು. ಸ್ಪೀಡಿನ ಮುಳ್ಳು ಅರವತ್ತು ಮುಟ್ಟಿದಾಗ ಮಗಳು ಹಾರ್ನ್ ಒತ್ತಬೇಕು. ಹಾರ್ನ್ ಕೇಳಿದಾಗ ಮಾಲೀಕರು ವಾಚು ನಿಲ್ಲಿಸುತ್ತಿದ್ದರು. ಮಿಸ್ತ್ರಿ ಕೈ ಕಟ್ಟಿಕೊಂಡು ನಿಂತಿರುತ್ತಿದ್ದ. ನಾನು ರಸ್ತೆಯ ಮೇಲಿನ ಕಲ್ಲು, ಮೊಳೆ ಗುಡಿಸುತ್ತಿದ್ದೆ.

ಮೊದಲ ದಿನ ಹದಿಮೂರು ಸೆಕೆಂಡು.

"ಎಂತ ಮಾರಾಯ್ತಿ ಇದು!" ಅಂದರು ಮಾಲೀಕರು. "ನನ್ನ ಹೋಟೆಲಿನ ಇಡ್ಲಿ ಇದಕ್ಕಿಂತ ಬೇಗ ಟೇಬಲಿಗೆ ಬರ್ತದೆ."

 ಮಿಸ್ತ್ರಿ ನಡುವೆ ಬಾಯಿ ಹಾಕಿದ. "ಮೋಟಾರದಾಗ ದಮ್ ಇಲ್ರಿ ಮಾಲಕರ. ನಾ ಮೊದಲ ಹೇಳಿದ್ದೆ. ಇಂಥಾವು ಹುಡುಗ್ಯಾರ ಕೈಯಾಗಿನ ಕೆಲಸ ಅಲ್ಲ."

ಅವತ್ತೇ ಮಾಲೀಕರು ಷರತ್ತು ಹಾಕಿದರು. ಆಗ ಗಣಪತಿ ಹಬ್ಬ ಕಳೆದಿತ್ತು. "ನೋಡು, ದಸರೆಯ ಬೆಳಿಗ್ಗೆ ನನ್ನ ಇಬ್ಬರು ದೋಸ್ತಿಗಳು ನೋಡ್ಲಿಕ್ಕೆ ಬರ್ತಾರೆ. ಹತ್ತು ಸೆಕೆಂಡಿನೊಳಗೆ ಅರವತ್ತು ಬಂತೋ, ಗ್ಯಾರೇಜಿಗೆ ನೀನೇ ಮಿಸ್ತ್ರಿ. ಎಲ್ಲ ನಿನ್ನ ಕೈಗೆ. ಬರ್ಲಿಲ್ಲವೋ, ಈ ಗಾಡಿ ಗುಜರಿಗೆ, ನೀನು ನನ್ನ ಯೆರವಡಾ ಹೋಟೆಲಿನ ಕ್ಯಾಶಿನಲ್ಲಿ ಕೂತ್ಕೊ. ಫ್ಯಾನಿನ ಕೆಳಗೆ ಒಳ್ಳೇ ಕೆಲಸ."

"ನಾ ಏನ್ ಆಗಬೇಕ್ರಿ?" ಅಂದ ಮಿಸ್ತ್ರಿ.

"ನೀನು ಅವಳ ಕೈಕೆಳಗೆ. ಅಥವಾ ಅವಳು ಕ್ಯಾಶಿಗೆ. ಎರಡರಲ್ಲಿ ಒಂದು."

ಮಿಸ್ತ್ರಿ ನಕ್ಕ. ಮಗಳ ಮುಖ ನಾನು ನೋಡಿದೆ. ಕ್ಯಾಶಿನಲ್ಲಿ ಕೂರುವುದು ಅಂದರೆ ಅವಳಿಗೆ ಕೈ ಕಡಿದ ಹಾಗೆ. ನಾನು ಅವಳಿಗೆ ಸಮಾಧಾನ ಹೇಳಲಿಲ್ಲ. ಮನೆಗೆ ಬಂದು ರೊಟ್ಟಿ ಹಾಕಿದೆ. "ಇನ್ನ ಮೂರು ವಾರ ಅದ. ಉಣ್ಣು, ಮಾಡು" ಅಂದೆ. ಮಾಡುವುದು ಬಿಟ್ಟು ಬೇರೆ ದಾರಿ ಏನಿತ್ತು.

ಗಾಡಿ ಬೇಗ ಓಡಬೇಕಾದರೆ ಭಾರ ಇಳಿಸಬೇಕು, ಅದು ಅವರೆಲ್ಲರ ಲೆಕ್ಕ. ಮಿಸ್ತ್ರಿಯದೂ ಅದೇ, ಮಾಲೀಕರದೂ ಅದೇ, ಮಗಳದೂ ಅದೇ. ಅವಳು ಡಿಕ್ಕಿಯೊಳಗಿನ ಸ್ಟೆಪ್ನಿ ತೆಗೆದಳು. ಹದಿಮೂರೂವರೆ ಬಂತು. ಹಿಂದಿನ ಸೀಟು ತೆಗೆದಳು. ಹದಿನಾಲ್ಕು. ಹಿಂದಿನ ಗಾಜು ತೆಗೆದು ಪ್ಲಾಸ್ಟಿಕ್ಕು ಹಚ್ಚಿದಳು. ಹದಿನಾಲ್ಕರ ಮೇಲೆ. ಭಾರ ಇಳಿದಷ್ಟೂ ಗಾಡಿ ನಿಧಾನವಾಗುತ್ತ ಹೋಯಿತು. ಮಗಳು ಮೋಟಾರು ಬಿಚ್ಚಿ ಜೋಡಿಸಿದಳು. ಗಾಡಿಯನ್ನು ಜಾಕಿನ ಮೇಲೆ ಎತ್ತಿ ಮೆಲ್ಲಗೆ ಕರೆಂಟು ಕೊಟ್ಟರೆ ಗಾಲಿ ಸರಾಗ ತಿರುಗುತ್ತದೆ. ಕೆಳಗಿಳಿಸಿ ಓಡಿಸಿದರೆ ಸತ್ತ ಎಮ್ಮೆ. ಹೊರಟ ಕೂಡಲೇ ಕರೆಂಟು ಒಮ್ಮೆ ಕಡಿಯುತ್ತದೆ, ಎರಡು ಸೆಕೆಂಡು ಬಿಟ್ಟು ತಿರುಗಿ ಬರುತ್ತದೆ, ಯಾಕೆ ಕಡಿಯುತ್ತದೆ ತಿಳಿಯುತ್ತಿಲ್ಲ ಅಂದಳು. ಮೋಟಾರಿಗೆ ಪೆಟ್ಟಾಗದಿರಲೆಂದು ಒಂದು ಕರೆಂಟಿನ ಪೆಟ್ಟಿಗೆ ಇಟ್ಟಿದ್ದಳು. ಕಡಿಯುತ್ತಿದ್ದದ್ದು ಅದೇ.

"ಮೋಟಾರ ಸುಡತದ. ಅದಕ್ಕ ಪೆಟಗಿ ಬಂದ್ ಮಾಡ್ತದ" ಅಂದ ಮಿಸ್ತ್ರಿ. "ದೊಡ್ಡ ಮೋಟಾರ ಬೇಕು. ಇಲ್ಲಾ ದೊಡ್ಡ ಮನಶ್ಯಾ ಬೇಕು."

ದಸರೆಗೆ ಎರಡು ದಿನ ಉಳಿಯಿತು. ಅವತ್ತು ಬೆಳಿಗ್ಗೆ ನಾನು ಎಂದಿನಂತೆ ರಸ್ತೆ ಗುಡಿಸಿ ಗಾಡಿಯ ಹಿಂದೆಯೇ ನಿಂತಿದ್ದೆ. ಬೇರೆ ದಿನ ಬದಿಗೆ ಸರಿಯುತ್ತಿದ್ದೆ. ಅವತ್ತು ಮೊಣಕಾಲು ಹಿಡಿದುಕೊಂಡಿತ್ತು, ಸರಿಯಲಿಲ್ಲ. ನ್ಯಾಪ್ಕಿನ್ ಬಿತ್ತು. ಗಾಡಿ ಹೊರಟಿತು. ನನ್ನ ಸೀರೆಗೆ ಬುಸ್ಸನೆ ಸಿಮೆಂಟಿನ ಧೂಳು ಬಡಿಯಿತು. ಹಿಂದಿನ ಎರಡೂ ಗಾಲಿ ನಿಂತ ಜಾಗದಲ್ಲೇ ಗಿರ್ರನೆ ತಿರುಗಿದವು. ಆಮೇಲೆ ಸುಮ್ಮನಾದವು. ಮುಂದಿನ ಗಾಲಿಗಳಷ್ಟೇ ಗಾಡಿಯನ್ನು ಎಳೆದುಕೊಂಡು ಹೋದವು.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೆ! ಯಾರ್ಡಿನಲ್ಲಿ ಮಳೆಗಾಲದಲ್ಲಿ ನೆಲ ಪೂರ್ತಿ ಉಳ್ಳಾಗಡ್ಡಿ ಸಿಪ್ಪೆಯ ಕೆಸರು. ತುಂಬಿದ ಟೆಂಪೋ ಗುರುಗುಟ್ಟುತ್ತ ಹೋಗುತ್ತದೆ. ಮಾಲು ಇಳಿಸಿದ ಖಾಲಿ ಟೆಂಪೋ ಅಲ್ಲೇ ಗಾಲಿ ತಿರುಗಿಸುತ್ತ ನಿಲ್ಲುತ್ತದೆ. ಆಗ ನನ್ನ ಗಂಡ ಕೂಗುತ್ತಿದ್ದ, "ಏ, ಹತ್ತ್ರಿ ಎಲ್ಲಾರೂ ಹಿಂದ!" ಆರಿಸುವ ಹೆಂಗಸರು ಏಳೆಂಟು ಜನ ಹಿಂದೆ ಹತ್ತಿ ನಿಂತರೆ ಗಾಲಿ ನೆಲ ಹಿಡಿಯುತ್ತಿತ್ತು, ಟೆಂಪೋ ಹೊರಡುತ್ತಿತ್ತು. ನಮ್ಮ ಭಾರಕ್ಕೆ ಅಷ್ಟು ಬೆಲೆ ಅಲ್ಲಿ ಒಂದೇ ಕಡೆ ಇತ್ತು.

ಈ ಗಾಡಿಯಲ್ಲಿ ಭಾರ ಎಲ್ಲಿದೆ ಎಂದು ನೋಡಿದೆ. ಎಂಟು ಬ್ಯಾಟರಿ, ಒಂದೊಂದೂ ಅರ್ಧ ಚೀಲ ಉಳ್ಳಾಗಡ್ಡಿಯಷ್ಟು. ಎಲ್ಲವೂ ಮುಂದೆ, ಡ್ರೈವರಿನ ಪಕ್ಕದ ಸೀಟು ತೆಗೆದ ಜಾಗದಲ್ಲಿ. ಹಿಂದೆ ಏನಿದೆ? ಇದ್ದದ್ದನ್ನೂ ತೆಗೆದು ಬಿಸಾಕಿದ್ದಾರೆ. ಅವಳು ಒಳಗೆ ಕೂತಿರುತ್ತಾಳೆ, ಪೆಟ್ರೋಲ್ ಇಂಜಿನ್ನಿನ ಸದ್ದಿನಲ್ಲಿ ಹಿಂದಿನದು ಕೇಳುವುದಿಲ್ಲ. ಮಾಲೀಕರು, ಮಿಸ್ತ್ರಿ ಇಬ್ಬರೂ ಮುಂದೆ ನಿಂತು ವಾಚು ನೋಡುತ್ತಾರೆ. ಗಾಡಿಯ ಹಿಂದೆ ನಿಂತು ನೋಡಿದವರು ಯಾರೂ ಇರಲಿಲ್ಲ.

ಗಾಡಿ ತಿರುಗಿ ಬಂತು. ನಾನು ಡಿಕ್ಕಿ ತೆಗೆದೆ.

"ಅವ್ವಾ, ಏನ್ ಮಾಡ್ತಿ?" ಅಂದಳು ಮಗಳು.

"ಹಿಂದ ಭಾರ ಹಾಕ್ತೀನಿ. ಗಾಲಿ ಜಾರಲಿಕತ್ತಾವ."

ಮಿಸ್ತ್ರಿ ಹೊಟ್ಟೆ ಹಿಡಿದು ನಕ್ಕ. "ಅಕ್ಕಾರ, ಇದು ಉಳ್ಳಾಗಡ್ಡಿ ಟೆಂಪೋ ಅಲ್ರಿ. ಭಾರ ಹಾಕಿದ್ರ ಗಾಡಿ ಓಡ್ತದೇನು?"

"ಇಳಿಸಿ ನೋಡೀರಲ್ಲ. ಓಡ್ತೇನು?" ಅಂದೆ.

ಕಟ್ಟಡದ ಹತ್ತಿರ ಮರಳಿನ ರಾಶಿ ಇತ್ತು. ಎರಡು ಖಾಲಿ ಸಿಮೆಂಟ್ ಚೀಲಕ್ಕೆ ಮರಳು ತುಂಬಿದೆ. ಎತ್ತಲು ಯಾರೂ ಬರಲಿಲ್ಲ. ಮಗಳು ಬಂದಳು. ಎರಡೂ ಡಿಕ್ಕಿಯಲ್ಲಿ ಇಟ್ಟೆವು. ಸಾಲದು ಅನ್ನಿಸಿತು. ಹಿಂದಿನ ಬಾಗಿಲು ತೆಗೆದು ನಾನೇ ಒಳಗೆ ಹೋಗಿ, ಸೀಟು ತೆಗೆದ ಜಾಗದಲ್ಲಿ ತಗಡಿನ ಮೇಲೆ ಕಾಲು ಚಾಚಿ ಕೂತೆ.

"ಅಮ್ಮ, ಇದು ಸರ್ಕಸ್ ಅಲ್ಲ" ಅಂದರು ಮಾಲೀಕರು.

"ನಿಮ್ಮ ಪಂಜಾ ಬೀಸ್ರಿ ಮಾಲಕರ" ಅಂದೆ. ನಮ್ಮಲ್ಲಿ ಹೆಗಲ ಮೇಲಿನ ಬಟ್ಟೆಗೆ ಪಂಜಾ ಅನ್ನುತ್ತಾರೆ.

ಅವರು ಬೀಸಿದರು. ನನ್ನ ತಲೆ ಹಿಂದಿನ ತಗಡಿಗೆ ಬಡಿಯಿತು. ಬೆನ್ನಿಗೆ ಯಾರೋ ಒದ್ದ ಹಾಗೆ ಗಾಡಿ ಹೊರಟಿತು. ಧೂಳು ಏಳಲಿಲ್ಲ. ಕರೆಂಟು ಕಡಿಯಲಿಲ್ಲ. ಮಗಳು ಹಾರ್ನ್ ಒತ್ತಿದಳು. ಬ್ರೇಕ್ ಹಾಕಿ ತಿರುಗಿ ನನ್ನನ್ನು ನೋಡಿದಳು. "ಅವ್ವಾ, ಕರೆಂಟ ಹೋಗಲಿಲ್ಲ" ಅಂದಳು. ಮುಖ ಬೆವತಿತ್ತು. "ಮುಂದ ನೋಡಿ ಹೊಡಿ" ಅಂದೆ.

ಹನ್ನೊಂದೂ ಕಾಲು ಸೆಕೆಂಡು. ಎರಡು ಚೀಲ ಮರಳು, ಒಂದು ಮುದುಕಿ, ಮೂರು ಸೆಕೆಂಡು ಕಡಿಮೆ.

ಮಾಲೀಕರು ವಾಚನ್ನು ಅಲ್ಲಾಡಿಸಿ ನೋಡಿದರು. ಮಿಸ್ತ್ರಿ ಅದನ್ನು ಕಿವಿಗೆ ಹಿಡಿದ. ಮಗಳು ಅವರಿಬ್ಬರ ಕಡೆ ನೋಡಲೇ ಇಲ್ಲ. ಗಾಡಿಯ ಸುತ್ತ ಒಮ್ಮೆ ತಿರುಗಿ ಬಂದಳು.

"ಗಾಲಿ ಜಾರಿ ಜೋರ್ ತಿರಗಿದ್ರ ಪೆಟಗಿ ಕರೆಂಟ ಕಡೀತಿತ್ತು. ಬ್ಯಾಟರಿ ಎಲ್ಲಾ ಡಿಕ್ಕಿಗೆ ಹಾಕಬೇಕು" ಅಂದಳು. "ಮರಳೂ ಬ್ಯಾಡ, ಅವ್ವನೂ ಬ್ಯಾಡ. ಭಾರ ಇದ್ದಷ್ಟೇ ಇರ್ತದ, ಜಾಗಾ ಬದಲಾಗ್ತದ."

ಬ್ಯಾಟರಿ ಮುಂದೆ ಇಡಿಸಿದವರು ಮಾಲೀಕರೇ. ಪುಣೆಯಲ್ಲಿ ಗಾಡಿ ನೋಡಲು ಬಂದವನು ಮೊದಲು ಡಿಕ್ಕಿ ತೆಗೆದು ನೋಡುತ್ತಾನೆ, ಅದು ಖಾಲಿ ಇರಬೇಕು ಅಂದಿದ್ದರು. ಈಗ ಬೇಡ ಅನ್ನಲಿಲ್ಲ. ಆದರೆ ಇನ್ನೊಂದು ತೊಡಕು ಇತ್ತು.

"ನಾಳೆ ಖಂಡೇನವಮಿ ಮಾರಾಯ್ತಿ. ಇವತ್ತು ಮಧ್ಯಾಹ್ನದಿಂದ ಶೆಡ್ಡು ತೊಳೀಲಿಕ್ಕೆ ಉಂಟು, ಸಾಮಾನೆಲ್ಲ ಪೂಜೆಗೆ ಇಡ್ಲಿಕ್ಕೆ ಉಂಟು. ನಾಳೆ ಪೂಜೆ ಆದ ಮೇಲೆ ಪಾನಾ ಮುಟ್ಟುವ ಹಾಗಿಲ್ಲ. ನನ್ನ ಗ್ಯಾರೇಜಿನಲ್ಲಿ ಕೆಲಸ ಇಲ್ಲ. ನಾಡಿದ್ದು ಬೆಳಿಗ್ಗೆ ಅವರು ಬರ್ತಾರೆ. ಇದ್ದ ಹಾಗೆ ಓಡ್ಸು."

ಅವರ ಮಾತು ತಪ್ಪಲ್ಲ. ನಮ್ಮಲ್ಲೂ ಹಾಗೆಯೇ. ಖಂಡೇನವಮಿಯ ದಿನ ಕುಡುಗೋಲು, ಕೊಡಲಿ, ತಕ್ಕಡಿ ಎಲ್ಲಕ್ಕೂ ಕುಂಕುಮ ಹಚ್ಚಿ ಇಟ್ಟರೆ ಮರುದಿನದವರೆಗೆ ಮುಟ್ಟುವುದಿಲ್ಲ. ಯಾರ್ಡಿನಲ್ಲಿ ಆ ದಿನ ನಾನು ಚೂರಿ ಸಹ ಹಿಡಿದವಳಲ್ಲ. ಪೂಜೆ ಮಾಡಿದ್ದನ್ನು ಮುಟ್ಟು ಎಂದು ಮಗಳಿಗೆ ಹೇಳಲು ನನಗೂ ಬಾಯಿ ಬರಲಿಲ್ಲ. ಅವಳೂ ಮುಟ್ಟುವವಳಲ್ಲ. ಅವತ್ತು ಮಧ್ಯಾಹ್ನ ಶೆಡ್ಡು ತೊಳೆದೆವು. ಪಾನಾ, ಜಾಕು, ಡ್ರಿಲ್ಲು ಎಲ್ಲ ಸಾಲಾಗಿ ಚಾಪೆಯ ಮೇಲೆ ಹೋದವು.

ಮರುದಿನ ಪೂಜೆ ಆಯಿತು. ಕೆಂಪು ಗಾಡಿಗೂ ಚೆಂಡು ಹೂವಿನ ಮಾಲೆ ಬಿತ್ತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಮಾಲೀಕರು ಕಾಯಿ ಒಡೆದು ಮಗಳಿಗೆ ಹೇಳಿದರು, "ಹೂಂ, ಸಂಪ್ರದಾಯ ಉಂಟಲ್ಲ, ಒಂದು ಸುತ್ತು ಹಾಕಿ ಬಾ."

ನಾನು ಕೇಳಿದೆ. "ಮಾಲಕರ, ಸುತ್ತ ಎಷ್ಟ ದೂರ ಹಾಕಬೇಕು?"

"ಎಷ್ಟಾದ್ರೂ ಹಾಕಿ. ಎಂತಕ್ಕೆ?"

"ಗ್ಯಾರೇಜಿನಾಗ ಕೆಲಸ ಬ್ಯಾಡ ಅಂದ್ರಿ. ರಸ್ತಾದ ಆಚಿ ಕಡಿ?"

ಅವರು ನನ್ನನ್ನೇ ನೋಡಿದರು. ರಸ್ತೆಯ ಆಚೆ ಒಬ್ಬ ಸಾಬರ ಗ್ಯಾರೇಜ್ ಇತ್ತು, ಸಣ್ಣದು, ಒಂದು ಶಟರಿನದು. ಅವನ ಪಾನಾಗಳಿಗೆ ಖಂಡೇನವಮಿ ಇರಲಿಲ್ಲ. ಮಾಲೀಕರಿಗೆ ಅದು ಹೊಳೆಯಿತು. ನಗು ಬಂತು, ತಡೆದುಕೊಂಡರು.

"ಆಚೆ ಕಡೆ ನನ್ನದಲ್ಲ. ನಾನು ಎಂತ ಹೇಳ್ಲಿಕ್ಕೆ?" ಅಂದರು.

ಮಗಳು ಗಾಡಿ ಸುತ್ತು ಹಾಕಿಸಿ ತಂದು ನೇರ ಅವನ ಶಟರಿನ ಮುಂದೆ ನಿಲ್ಲಿಸಿದಳು. ನಾನು ಹೋಗಿ ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ನಮ್ಮ ಸಾಮಾನೆಲ್ಲ ದೇವರ ಮುಂದೆ ಇದೆ, ನಿಮ್ಮದು ಸಂಜೆಯವರೆಗೆ ಬೇಕು. ಅವನು ಗಾಡಿಯ ಕೊರಳಿನ ಹೂಮಾಲೆ ನೋಡಿದ, ನನ್ನ ಹಣೆಯ ಕುಂಕುಮ ನೋಡಿದ.

"ಪಂಡಿತ್ ನಾರಾಜ್ ತೋ ನಹೀ ಹೋಗಾ, ಅಮ್ಮಾ?" ಅಂದ. ಪೂಜಾರಿಗೆ ಸಿಟ್ಟು ಬರುವುದಿಲ್ಲವೇ ಎಂದು.

"ಪಂಡಿತ್ ಖಾನಾ ಖಾನೇ ಗಯಾ" ಅಂದೆ, ಅವನು ಊಟಕ್ಕೆ ಹೋದ ಎಂದು.

ಪಾನಾ ಪೆಟ್ಟಿಗೆ ತಂದು ನಡುವೆ ಸುರಿದ. ಮಗಳು ಬ್ಯಾಟರಿ ಬಿಚ್ಚಿದಳು. ಎಂಟನ್ನೂ ನಾನು, ಅವಳು ಇಬ್ಬರೂ ಹಿಡಿದು ಇಳಿಸಿದೆವು. ಯಾರ್ಡಿನಲ್ಲಿ ಚೀಲ ಹೊತ್ತವಳಿಗೆ ಹೆದರಿಕೆ ಇಲ್ಲ, ಆದರೆ ಮೊಣಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಕೇಳಿಸಿದೆ. ಬ್ಯಾಟರಿ ಕೂರುವ ಕಬ್ಬಿಣದ ಚೌಕಟ್ಟನ್ನು ಡಿಕ್ಕಿಯಲ್ಲಿ ಕೂರಿಸಲು ತೂತು ಬೇಕಿತ್ತು. ಡ್ರಿಲ್ಲು ಅವನೇ ಹಿಡಿದ. ತನ್ನ ಗಿರಾಕಿಯ ಸ್ಕೂಟರನ್ನು ಬದಿಗೆ ತಳ್ಳಿ ಬಂದ ಮನುಷ್ಯ ಅವನು. ತಂತಿ ಉದ್ದ ಸಾಲಲಿಲ್ಲ. ಅದನ್ನೂ ಅವನ ಕಪಾಟಿನಿಂದಲೇ ತೆಗೆದೆವು. ನಮ್ಮ ಗ್ಯಾರೇಜಿನ ಬದಿಯಿಂದ ಮಿಸ್ತ್ರಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ. ನಡುವೆ ಒಮ್ಮೆ ಕೂಗಿದ.

"ಹಬ್ಬದ ದಿನಾ ಇದೇನ್ರಿ ಅಕ್ಕಾರ! ಪಾಪ ಬರ್ತದ!"

"ಬರಲಿ. ಬಂದ್ರ ಡಿಕ್ಕ್ಯಾಗ ಕುಂದರಸ್ತೀನಿ. ಭಾರ ಬೇಕಾಗ್ಯಾದ" ಅಂದೆ.

ಡ್ರಿಲ್ಲು ಹಿಡಿದಿದ್ದವನು ಅರ್ಥವಾಗದಿದ್ದರೂ ನಕ್ಕ. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಓಡಿಸಿ ನೋಡಲು ಬೆಳಕು ಇರಲಿಲ್ಲ.

ದಸರೆಯ ಬೆಳಿಗ್ಗೆ ಮಾಲೀಕರ ಇಬ್ಬರು ದೋಸ್ತಿಗಳು ಬಂದರು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೊಬೈಲು. ನಾನು ರಸ್ತೆ ಗುಡಿಸಿದೆ. ಹಿಂದಿನ ಗಾಲಿ ನಿಲ್ಲುವ ಜಾಗದಲ್ಲಿ ಧೂಳು ಒಂದು ಕಣವೂ ಇರದ ಹಾಗೆ ಮೊದಲು ಪೊರಕೆ, ಆಮೇಲೆ ಒದ್ದೆ ಗೋಣಿ, ಆಮೇಲೆ ಒಣ ಬಟ್ಟೆ.

ಮಿಸ್ತ್ರಿ ಹೊಸ ತಕರಾರು ತೆಗೆದ. "ಹಾರ್ನ್ ಒತ್ತಾಕಿ ಅಕೀನ ಅದಾಳ. ಐವತ್ತಕ್ಕ ಒತ್ತಿದ್ರ ಯಾರಿಗೆ ತಿಳೀತದ? ಮುಳ್ಳ ನೋಡಾಕ ನಾ ಗಾಡ್ಯಾಗ ಕುಂದರಾಂವ."

ದೋಸ್ತಿಗಳು ಅದು ಸರಿ ಅಂದರು. ಮಾಲೀಕರೂ ತಲೆ ಆಡಿಸಿದರು.  ಮಿಸ್ತ್ರಿಯ ಹೊಟ್ಟೆ ಸಣ್ಣದಲ್ಲ, ಮುಂದೆ ಕೂತರೆ ಭಾರ ತಿರುಗಿ ಮುಂದಕ್ಕೇ ಬೀಳುತ್ತದೆ. ಅವನು ಮುಂದಿನ ಬಾಗಿಲಿಗೆ ಕೈ ಹಾಕಿದ, ಬ್ಯಾಟರಿ ತೆಗೆದ ಮೇಲೆ ಅಲ್ಲಿ ಜಾಗ ಖಾಲಿ ಇತ್ತು.

"ಮಿಸ್ತ್ರಿಯವರ, ಮುಂದ ಬ್ಯಾಡ. ಹಿಂದ ಕೂಡ್ರಿ" ಅಂದೆ. "ನಡಬರಕ ಕೂತ್ರ ಮುಳ್ಳ ಚಲೋ ಕಾಣ್ತದ. ಗೋಣಿ ಹಾಸೀನಿ."

ಅವನು ನನ್ನನ್ನು ನೋಡಿದ. ಅವನು ದಡ್ಡ ಅಲ್ಲ. ನಾನು ಯಾಕೆ ಹೇಳುತ್ತಿದ್ದೇನೆಂದು ಅವನಿಗೆ ತಿಳಿಯಿತು. ಮುಂದೆಯೇ ಕೂರುತ್ತೇನೆ ಎಂದು ಹಟ ಹಿಡಿದಿದ್ದರೆ ನಾವು ಏನೂ ಮಾಡುವ ಹಾಗಿರಲಿಲ್ಲ. ಒಂದು ಗಳಿಗೆ ಬಾಗಿಲು ಹಿಡಿದು ನಿಂತ. ಮಗಳು ಸ್ಟಿಯರಿಂಗ್ ಬಿಡದೆ ಮುಂದೆ ನೋಡುತ್ತಿದ್ದಳು. ಆಮೇಲೆ ಅವನು ಹಿಂದಿನ ಬಾಗಿಲು ತೆಗೆದು, ಬಗ್ಗಿ, ಉಸ್ಸೆಂದು ಗೋಣಿಯ ಮೇಲೆ ಕೂತ. ಗಾಡಿಯ ಹಿಂಭಾಗ ಎರಡು ಬೆರಳು ಕೆಳಗಿಳಿಯಿತು. ಯಾಕೆ ಹಾಗೆ ಮಾಡಿದ ಎಂದು ಅವನು ಮುಂದೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನ್ಯಾಪ್ಕಿನ್ ಬಿತ್ತು. ನಾನು ಮುಖ ನೋಡಲಿಲ್ಲ, ವಾಚು ನೋಡಲಿಲ್ಲ, ಗಾಲಿ ನೋಡಿದೆ. ಹಿಂದಿನ ಟೈರು ಚಪ್ಪಟೆಯಾಗಿ ನೆಲ ಕಚ್ಚಿತು. ಧೂಳಿಲ್ಲ. ಪೆಟ್ರೋಲು ಮುಂದಿನಿಂದ ಎಳೆಯಿತು, ಕರೆಂಟು ಹಿಂದಿನಿಂದ ತಳ್ಳಿತು. ಗಾಡಿ ಸಣ್ಣದಾಯಿತು. ದೂರದಿಂದ ಹಾರ್ನು.

"ಒಂಬತ್ತೂವರೆ" ಅಂದರು ಮಾಲೀಕರು. ಆಮೇಲೆ ಜೋರಾಗಿ ಇನ್ನೊಮ್ಮೆ ಅಂದರು.

ಗಾಡಿ ತಿರುಗಿ ಬಂತು. ದೋಸ್ತಿಗಳು ಕಿಟಕಿಗೆ ಬಗ್ಗಿ ಮಿಸ್ತ್ರಿಯನ್ನು ಕೇಳಿದರು, ಹಾರ್ನು ಯಾವಾಗ ಒತ್ತಿದಳು? ಅವನು ಕೂತಲ್ಲಿಂದಲೇ, ತಲೆಗೆ ಬಡಿದ ಕಡೆ ಉಜ್ಜಿಕೊಳ್ಳುತ್ತ ಹೇಳಿದ, "ಅರವತ್ತಕ್ಕ. ಬರೋಬ್ಬರಿ ಅರವತ್ತಕ್ಕ."

ಒಮ್ಮೆ ಬಂದದ್ದು ಸಾಲದು ಅಂದರು. ಇನ್ನೆರಡು ಸಲ ಓಡಿಸಿದಳು. ಎರಡನೇದು ಒಂಬತ್ತೂ ಮುಕ್ಕಾಲು. ಮೂರನೇದು ಹತ್ತಕ್ಕೆ ಒಂದು ಕೂದಲು ಕಡಿಮೆ, ಬ್ಯಾಟರಿ ಇಳಿಯುತ್ತಿತ್ತು. ನಾಲ್ಕನೇದಕ್ಕೆ ಅವಳೇ ಇಳಿದು ಕೀಲಿ ತೆಗೆದಳು. "ಸಾಕು" ಅಂದಳು.

ದೋಸ್ತಿಗಳು ಮಾಲೀಕರ ಬೆನ್ನು ತಟ್ಟಿದರು. ಗಾಡಿ ಮಾಡಿದವಳು ಪಕ್ಕದಲ್ಲೇ ನಿಂತಿದ್ದಳು. ಮಾಲೀಕರು ಖುಷಿಯಲ್ಲಿ ಎಲ್ಲರಿಗೂ ಹೋಟೆಲಿನಲ್ಲಿ ತಿಂಡಿ ಅಂದರು. ಷರತ್ತಿನ ಮಾತು ಎತ್ತಲಿಲ್ಲ. ನಾನು ಕಾದೆ. ಅವರು ಕಾರಿನ ಬಾಗಿಲು ತೆಗೆದರು.

"ಮಾಲಕರ" ಅಂದೆ. "ಆಕಿ ಎಂದಿನಿಂದ ಮಿಸ್ತ್ರಿ?"

"ನೋಡುವ ಅಮ್ಮ, ನೋಡುವ. ದೀಪಾವಳಿ ಕಳೀಲಿ. ಗಿರಾಕಿಗಳಿಗೆ ಒಮ್ಮೆಲೇ ಹೇಳಿದ್ರೆ..."

"ಹತ್ತರೊಳಗ ಅಂದಿದ್ರಿ. ದೀಪಾವಳಿ ಅಂದಿರಲಿಲ್ಲ."

"ಅವ್ವಾ, ಬಿಡು" ಅಂದಳು ಮಗಳು.

"ಯಾಕ ಬಿಡ್ಲಿ? ಅವರ ಹದಿಮೂರ ಹತ್ತಕ್ಕ ತಾ ಅಂದಾಗ ನೀ ಬಿಟ್ಟೇನು?"

ದೋಸ್ತಿಗಳು ಕೇಳಿಸಿಕೊಳ್ಳುತ್ತಿದ್ದರು. ಮಾಲೀಕರು ಕೆಂಪಾದರು. ಅವರು ಕೆಟ್ಟವರಲ್ಲ, ಆದರೆ ಮುಂದೂಡುವ ಮನುಷ್ಯ. ಮುಂದೂಡುವವರ ಎದುರು ನಿಂತೇ ಇರಬೇಕು. ನಾನು ಕಾರಿನ ಬಾಗಿಲು ಹಿಡಿದು ನಿಂತೆ.

"ಆಯ್ತು ಮಾರಾಯ್ತಿ, ನಾಳೆಯಿಂದ. ನಾಳೆಯಿಂದ! ಬಾಗಿಲು ಬಿಡಿ ಒಮ್ಮೆ" ಅಂದರು.

ಆ ಗಾಡಿಯನ್ನು ಯಾರೂ ಕೊಳ್ಳಲಿಲ್ಲ. ಡಿಕ್ಕಿ ತೆಗೆದವರು ಬ್ಯಾಟರಿ ನೋಡಿ ಮುಚ್ಚುತ್ತಿದ್ದರು. ಮಾಲೀಕರೇ ಎರಡು ವರ್ಷ ಹೋಟೆಲಿನಿಂದ ಹೋಟೆಲಿಗೆ ಓಡಿಸಿದರು. ಸಿಗ್ನಲಿನಲ್ಲಿ ದೊಡ್ಡ ಗಾಡಿಗಳನ್ನು ಹಿಂದೆ ಹಾಕಿ ಬಂದದ್ದನ್ನು ದಿನಾ ಹೇಳುತ್ತಿದ್ದರು. ಆಮೇಲೆ ಬ್ಯಾಟರಿ ಸತ್ತವು.

ದಸರೆಯ ಮರುದಿನ ನಾನು ಅರ್ಧ ತಾಸು ಮೊದಲೇ ಗ್ಯಾರೇಜಿಗೆ ಹೋದೆ. ರಾತ್ರಿ ಕಳೆದರೆ ಮಾತು ಬದಲಾಗಬಹುದು, ಎದುರಿಗೆ ಇರಬೇಕು ಅನ್ನಿಸಿತ್ತು. ಮಾಲೀಕರು ಬಂದಿದ್ದರು. ಹಳೇ ಮಿಸ್ತ್ರಿಯೂ ಬಂದಿದ್ದ. ಮಗಳು ಬಂದು ಕೂದಲು ಬಿಗಿದು ಕಟ್ಟಿದಳು. ಮೊದಲ ಗಿರಾಕಿ ಒಬ್ಬ ಮರಾಠಿ ಮನುಷ್ಯ, ಹಳಬ. ನೇರ ಹಳೇ ಮಿಸ್ತ್ರಿಯ ಹತ್ತಿರ ಹೋಗಿ ಬ್ರೇಕು ಕಿರುಗುಡುತ್ತದೆ ಎಂದು ಶುರು ಮಾಡಿದ.

ಮಿಸ್ತ್ರಿ ಪೂರ್ತಿ ಕೇಳಿದ. ಮಾಲೀಕರ ಕಡೆ ನೋಡಿದ. ಮಾಲೀಕರು ಪೇಪರು ಎತ್ತಿ ಮುಖಕ್ಕೆ ಹಿಡಿದರು. ಮಿಸ್ತ್ರಿ ಕೈ ಒರೆಸಿಕೊಂಡು ಮಗಳ ಕಡೆ ತೋರಿಸಿದ.

"ಮಿಸ್ತ್ರಿ ತ್ಯಾ ಆಹೇತ. ತ್ಯಾಂನಾ ಸಾಂಗಾ."

ಅವರು ಮಿಸ್ತ್ರಿ, ಅವರಿಗೆ ಹೇಳಿ ಎಂದ. ಬಹುವಚನ ಹಚ್ಚಿಯೇ ಹೇಳಿದ. ಗಿರಾಕಿ ಅವಳನ್ನು ನೋಡಿದ, ಶೆಡ್ಡಿನಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎಂದು ನೋಡಿದ, ನನ್ನನ್ನೂ ನೋಡಿದ. ಕೊನೆಗೆ ಕೀಲಿ ಅವಳ ಕಡೆ ಚಾಚಿದ.

"ಬೋಲಾ, ಕಾಯ್ ಝಾಲಂ?" ಅಂದಳು ಮಗಳು, ಹೇಳಿ, ಏನಾಯಿತು ಎಂದು. ಉತ್ತರಕ್ಕೆ ಕಾಯದೆ ಮುಂದಿನ ಗಾಲಿಯ ಹತ್ತಿರ ಕೂತು ಬೋಲ್ಟಿಗೆ ಪಾನಾ ಹಚ್ಚಿದಳು. ಬಿಚ್ಚಿದಳು, ನೋಡಿದಳು, ತಿರುಗಿ ಬಿಗಿದಳು. ಹಳೇ ಮಿಸ್ತ್ರಿ ಇನ್ನೊಂದು ಗಾಡಿಯ ಕೆಳಗೆ ಹೋಗಿದ್ದ. ಇನ್ನೊಮ್ಮೆ ಬಿಗಿಯಲು ಯಾರೂ ಬರಲಿಲ್ಲ.